ಗೆಜ್ಜೆ ಕಟ್ಟಿದ ಮೋಟಾರಿಗೆ ವಿಮೆ

ಇಪ್ಪತ್ತರ ದಶಕದ ಕೊನೆಯ ಮಾತು. ಬೆಳಗಾವಿಯ ನಮ್ಮ ಮನೆಗೆ ಮೋಟಾರು ಬಂದಿತ್ತು. ವಕೀಲರಾದ ನನ್ನ ಗಂಡ ಖಾನಾಪುರದ ಕೋರ್ಟಿಗೆ ಅದರಲ್ಲೇ ಹೋಗಿಬರುತ್ತಿದ್ದರು. ಓಡಿಸುವವನು ಖಾನಾಪುರದ ಕಡೆಯವನು, ಮೊದಲು ಎತ್ತಿನ ಗಾಡಿ ಹೊಡೆದವನು. ಅವನ ಊರಿನಲ್ಲಿ ಒಂದು ರೂಢಿ: ದಾರಿಯಲ್ಲಿ ಗಂಡಾಂತರ ತಪ್ಪಿದರೆ, ದೇವಿ ಕಾಯ್ದಳೆಂದು ಗಾಡಿಗೆ ಒಂದು ಗೆಜ್ಜೆ ಕಟ್ಟುವುದು. ನಮ್ಮ ಮೋಟಾರಿನ ಮೂತಿಯ ಮೇಲೂ ಗೆಜ್ಜೆಗಳ ಗೊಂಚಲೇ ಇತ್ತು. ಅದು ಬರುವುದು ಗಲ್ಲಿಗೆಲ್ಲ ಹಾರ್ನಿಲ್ಲದೆ ತಿಳಿಯುತ್ತಿತ್ತು.

ಮುಂಬಯಿಯ ವಿಮಾ ಕಂಪನಿಯ ಏಜೆಂಟರೊಬ್ಬರು ಮನೆಗೆ ಬಂದರು. ವಿಮೆಯ ಕಂತು ಎಷ್ಟೆಂಬುದು ಓಡಿಸುವವನನ್ನು ನೋಡಿ ತೀರ್ಮಾನವಾಗುತ್ತದಂತೆ. ನಮ್ಮವನಂಥವನು ಜಿಲ್ಲೆಯಲ್ಲೇ ಇಲ್ಲ ಎಂದು ಗಂಡ ಎದೆಯುಬ್ಬಿಸಿ ಹೇಳಿದರು. ಏಜೆಂಟರು ಚಹಾ ಕುಡಿಯುತ್ತ, ಈ ಗೆಜ್ಜೆ ಯಾಕೆ ಎಂದು ಕೇಳಿದ್ದೇ ತಡ, ನಮ್ಮವನಿಗೆ ಹುರುಪು ಬಂತು. ಇದು ಹಳ್ಳದ ಇಳಿಜಾರಿನಲ್ಲಿ ಬ್ರೇಕು ಹತ್ತದಿದ್ದಾಗಿನದು, ಇದು ಎಮ್ಮೆ ಅಡ್ಡ ಬಂದಾಗಿನದು, ಇದು ಕಾಡಿನ ತಿರುವಿನಲ್ಲಿ ಚಕ್ರ ಕಳಚಿದಾಗಿನದು ಎಂದು ಒಂದೊಂದನ್ನೂ ಬೆರಳಿನಿಂದ ಆಡಿಸಿ ಭಕ್ತಿಯಿಂದ ವಿವರಿಸಿದ. ಹಿಂದಿನ ಸೀಟಿನಲ್ಲಿ ಸದಾ ನಿದ್ದೆ ಹೊಡೆಯುತ್ತಿದ್ದ ನನ್ನ ಗಂಡನ ಮುಖ ಬಿಳಿಚಿತು.

ಏಜೆಂಟರು ಕಪ್ಪು-ಬಸಿ ಕೆಳಗಿಟ್ಟರು. ಇವನು ಓಡಿಸುವುದಾದರೆ ಕಂಪನಿ ಈ ಗಾಡಿಯನ್ನು ಮುಟ್ಟುವುದಿಲ್ಲ ಎಂದರು. ಒಳ್ಳೆಯ ಮನುಷ್ಯ, ಒಂದು ದಾರಿಯನ್ನೂ ತೋರಿಸಿದರು: ಇವೆಲ್ಲ ಬರೀ ಕಟ್ಟುಕತೆ ಎಂದು ಅವನು ಹೇಳಿಬಿಟ್ಟರೆ ಸಾಕು. ಹೇಳಿ ಕೆಲಸ ಉಳಿಸಿಕೋ ಎಂದು ನಾನೂ ಕಣ್ಣಲ್ಲೇ ಬೇಡಿಕೊಂಡೆ.

"ದೇವಿ ಕಾಯ್ದಿಲ್ಲ ಅಂತ ಹೆಂಗ ಅನ್ನಲ್ರೀ, ಸಾಹೇಬ್ರ?" ಎಂದ ಅವನು. "ಕಾಯ್ದಾಳಂತನ ನಮ್ಮ ವಕೀಲರು ಇಲ್ಲಿ ಕುಂತಾರ."

ಹಾಗಾದರೆ ಇನ್ನು ಯಾರು ಓಡಿಸುತ್ತಾರೆ ಎಂದು ಏಜೆಂಟರು ಕೇಳಿದರು. ತಾನೇ ಎಂದರು ನನ್ನ ಗಂಡ. ಈವರೆಗೆ ಅಪಘಾತ? ಒಂದೂ ಇಲ್ಲ. ಇರುವುದಾದರೂ ಹೇಗೆ, ಅವರು ಸ್ಟಿಯರಿಂಗ್ ಮುಟ್ಟಿದವರೇ ಅಲ್ಲ. ಏಜೆಂಟರು ಅದನ್ನು ಕೇಳುವ ಗೋಜಿಗೂ ಹೋಗದೆ, ಸಂತೋಷದಿಂದ ಕಡಿಮೆ ಕಂತನ್ನೇ ಗೊತ್ತುಮಾಡಿದರು. ಇಷ್ಟೆಲ್ಲ ಓದಿದ ಇಬ್ಬರು ಗಂಡಸರು ಕೈಕುಲುಕಿದ್ದನ್ನು ಕಂಡು ನನ್ನ ಮೈ ಉರಿಯಿತು.

ಕೆಲಸ ಕಳೆದುಕೊಂಡ ಅವನು ಮೋಟಾರು ಚಾಲೂ ಮಾಡುವ ಹ್ಯಾಂಡಲನ್ನು ಕಟ್ಟೆಯ ಮೇಲಿಟ್ಟ. ಖಾನಾಪುರದ ರೈಲು ಹಿಡಿಯಲು ಹೊರಟವನು ಬಾಗಿಲಲ್ಲಿ ನನ್ನ ಹತ್ತಿರ ಒಂದು ಗಳಿಗೆ ನಿಂತ. ನಾನಾಗ ಚೊಚ್ಚಲ ಬಸುರಿ.

"ಅವ್ವಾರ, ಬಾಣಂತನಕ್ಕ ತವರಮನಿಗೆ ರೈಲಿನ್ಯಾಗ ಹೋಗ್ರಿ," ಎಂದು ಮೆಲ್ಲಗೆ ಹೇಳಿದ. "ವಕೀಲರು ಗಾಡಿ ಹೊಡದ್ರ ನೀವು ಕುಂದರಬ್ಯಾಡ್ರಿ."