ಎರಡನೆಯ ಸಾಲಿನ ಎರಕ

ಎರಕ ಹೊಯ್ದ ಪಂಪಿನ ಮೈಗೆ ಸಣ್ಣ ಸುತ್ತಿಗೆಯಿಂದ ಒಂದು ಏಟು ಕೊಟ್ಟು, ಕಣ್ಣು ಮುಚ್ಚಿ ಕೇಳುವುದೇ ಅವನ ಮೂವತ್ತೊಂದು ವರ್ಷದ ಕೆಲಸ. ಗಟ್ಟಿಯಿದ್ದರೆ ಅದು ಗಂಟೆಯ ಹಾಗೆ ಮೊಳಗುತ್ತದೆ. ಒಳಗೆ ಬಿರುಕಿದ್ದರೆ ನೆಗಡಿಯಾದವರ ಹಾಗೆ ಮಾತಾಡುತ್ತದೆ. ಅದಕ್ಕೇ ಎಲ್ಲರಿಗೂ ಅವನು ಕಿವಿ ಮೇಸ್ತ್ರಿ. ಹೆಂಡತಿ ಮಾತ್ರ, "ಕಬ್ಬಿಣ ಕೆಮ್ಮಿದ್ರೂ ಕೇಳುತ್ತೆ, ನಾನು ಕೂಗಿದ್ರೆ ಕೇಳಲ್ಲ" ಎಂದು ಆಡಿಕೊಳ್ಳುತ್ತಿದ್ದಳು.

ಪಂಪು ಮಾಡುವ ಅವನ ಕಾರ್ಖಾನೆ ಎರಡು ವರ್ಷದಿಂದ ಏದುಸಿರು ಬಿಡುತ್ತಿತ್ತು. ಹೊಳೆಯಾಚೆಯ ಎರಕದ ಕಾರ್ಖಾನೆಯ ಗತಿಯೂ ಅದೇ. ಎರಡನ್ನೂ ಒಂದು ಮಾಡಿದರೆ ಉಳಿದುಕೊಳ್ಳುತ್ತವೆ ಎಂದರು ಮೇಲಿನವರು. ಆದರೆ ಪಂಪಿನ ಕಂಪನಿಯ ಷೇರುಗಳಲ್ಲಿ ಅರ್ಧಕ್ಕೂ ಹೆಚ್ಚು ಕೆಲಸಗಾರರದೇ. ಅವರು ಕೈ ಎತ್ತದೆ ಏನೂ ಆಗುವಂತಿರಲಿಲ್ಲ.

"ಮುಳುಗ್ತಿರೋರಿಬ್ಬರು ತಬ್ಬಿಕೊಂಡ್ರೆ ತೇಲ್ತಾರೇನ್ರೋ?" ಎಂದ ಲೇತ್ ನಡೆಸುವ ಗುಂಡಣ್ಣ. "ಮೇಸ್ತ್ರಿ ಹೋಗಿ ಅವರ ಮಾಲು ತಟ್ಟಿ ಬರ್ಲಿ. ಅವನು ಸೈ ಅಂದ್ರೆ ನಾನೂ ಸೈ."

ಆ ಕಾರ್ಖಾನೆಯಲ್ಲಿ ಅಚ್ಚು ಕಟ್ಟುವವನು ಮೇಸ್ತ್ರಿಯ ತಂಗಿಯ ಗಂಡ. ಮಾಲು ನೋಡಲು ಹೋದ ದಿನ ತಂಗಿ ಅಲ್ಲಿಯ ಗೇಟಿನ ಬಳಿ ಕಾದು ನಿಂತಿದ್ದಳು.

"ಅಣ್ಣಾ, ಇದು ಕೂಡಿಬರ್ಲಿಲ್ಲ ಅಂದ್ರೆ ನಮ್ಮದು ಬಾಗ್ಲು ಹಾಕ್ತಾರಂತೆ. ಸರಿಯಾಗಿ ನೋಡಿ ಹೇಳು."

ಗೋದಾಮಿನಲ್ಲಿ ಎರಕಗಳನ್ನು ಮೂರು ಸಾಲಾಗಿ ಜೋಡಿಸಿದ್ದರು. ಮುಂದಿನ ಸಾಲು ಮೊಳಗಿತು. ಎರಡನೆಯದರಲ್ಲಿ ಒಂದನ್ನು ತಟ್ಟಿದ: ನೆಗಡಿ. ಅದರ ಪಕ್ಕದ್ದೂ ನೆಗಡಿ. ಇನ್ನೊಂದಕ್ಕೆಂದು ಎತ್ತಿದ ಸುತ್ತಿಗೆಯನ್ನು ಜೇಬಿಗೆ ಇಳಿಸಿಬಿಟ್ಟ. ಮೂರನೆಯ ಸಾಲಿನ ಕಡೆ ತಲೆ ಹಾಕಲಿಲ್ಲ. ಬಂದು, "ಮಾಲು ಚೆನ್ನಾಗಿದೆ" ಎಂದ.

ಮರುದಿನದಿಂದಲೇ ಗುಂಡಣ್ಣ ಸೈಕಲ್ ಹತ್ತಿ ಮನೆಮನೆ ತಿರುಗಿ, "ಮೇಸ್ತ್ರೀನೇ ಹೇಳಿದ ಮೇಲೆ ಇನ್ನೇನ್ರೀ ಅನುಮಾನ?" ಎಂದು ಅಳುಕುತ್ತಿದ್ದವರನ್ನೆಲ್ಲ ಒಪ್ಪಿಸುತ್ತಿದ್ದ. ಎದುರು ಸಿಕ್ಕಾಗ ಅವನು ಬೆನ್ನು ತಟ್ಟಿದರೆ ಮೇಸ್ತ್ರಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ಕ್ಯಾಂಟೀನಿನಲ್ಲಿ ಸಭೆ ಸೇರಿತು. "ಒಪ್ಪಿಗೆ ಇರೋರು ಕೈ ಎತ್ತಿ" ಎಂದದ್ದೇ ತಡ, ಮೊದಲು ಮೇಲೆದ್ದದ್ದು ಗುಂಡಣ್ಣನ ಕೈ. ಮೇಸ್ತ್ರಿಗೆ ತಡೆಯಲಾಗಲಿಲ್ಲ.

"ಇಳಿಸ್ರಪ್ಪಾ ಕೈ! ನಾನು ಹೇಳಿದ್ದು ಸುಳ್ಳು. ಎರಡನೇ ಸಾಲಲ್ಲಿ ಬಿರುಕಿತ್ತು. ಮುಂದಕ್ಕೆ ತಟ್ಟಲೇ ಇಲ್ಲ. ತಂಗಿ ಬೇಡ್ಕೊಂಡ್ಲು, ಅವಳ ಮುಖ ನೋಡಿ ಬಾಯಿ ಮುಚ್ಕೊಂಡೆ."

ಗುಂಡಣ್ಣ ಕೈ ಇಳಿಸಿದ. "ನನ್ನ ಯಾಕೋ ಅಷ್ಟು ಮನೆ ತಿರುಗಿಸ್ದೆ?" ಎಂದ. ಉಳಿದ ಕೈಗಳೂ ಒಂದೊಂದಾಗಿ ಇಳಿದವು. ವಿಲೀನ ಅಲ್ಲಿಗೇ ಬಿದ್ದುಹೋಯಿತು.

ಸಂಜೆ ಮೇಸ್ತ್ರಿ ತಂಗಿಯ ಮನೆಗೆ ಹೋದ. ಗಂಡನ ಕೆಲಸ ಹೋಗುತ್ತದೆಂದು ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಣ್ಣಾ, ಸುಳ್ಳು ಹೇಳು ಅಂತ ನಾನು ಹೇಳಿದ್ನಾ?"

"ಇಲ್ಲಮ್ಮಾ."

"ಸರಿಯಾಗಿ ನೋಡಿ ಹೇಳು ಅಂದೆ. ಸುಳ್ಳು ಹೇಳಿದ್ದು ನೀನು. ಅಷ್ಟು ಜನದ ಎದುರಿಗೆ ಅದನ್ನ ತಂದು ನನ್ನ ತಲೆಗೆ ಯಾಕೆ ಕಟ್ಟಿದೆ? ಪಕ್ಕದ ಮನೆಯವಳು ಆಗ್ಲೇ ಬಂದು ಕೇಳ್ಕೊಂಡು ಹೋದ್ಲು. ಕೆಲಸ ಹೋದ್ರೆ ಇನ್ನೊಂದು ಹುಡುಕ್ತಾರೆ. ನನ್ನ ಮಾನ ಎಲ್ಲಿ ಹುಡುಕ್ಲಿ?"

ಮೇಸ್ತ್ರಿಗೆ ಕೂರಲೂ ಆಗಲಿಲ್ಲ. ಸತ್ಯ ಹೇಳಿ ಹಗುರವಾದೆ ಎಂದುಕೊಂಡು ಬಂದಿದ್ದ. ಆ ಸತ್ಯದೊಳಗೂ ತಾನು ಒಂದು ಸುಳ್ಳನ್ನು ನುಗ್ಗಿಸಿದ್ದೆನಲ್ಲ ಎಂಬುದು ಈಗ ತಿಳಿಯಿತು. ಚಪ್ಪಲಿ ಮೆಟ್ಟಿ ಹೊರಟ. ಮೊದಲು ಗುಂಡಣ್ಣನ ಮನೆ. ಕದ ತೆರೆದವನು ಒಳಗೆ ಕರೆಯಲಿಲ್ಲ.

"ನನ್ನ ತಂಗಿ ಏನೂ ಬೇಡ್ಕೊಂಡಿರ್ಲಿಲ್ಲ ಕಣೋ. ಎಲ್ಲಾ ನಂದೇ" ಎಂದ ಮೇಸ್ತ್ರಿ, ಹೊಸ್ತಿಲಾಚೆಯಿಂದಲೇ. ಗುಂಡಣ್ಣ ಕೇಳಿಸಿಕೊಂಡು ಕದ ಮುಂದಕ್ಕೆ ಮಾಡಿದ. ಅದೇ ಮಾತು ಹೇಳಲು ಮೇಸ್ತ್ರಿ ಅವನ ಪಕ್ಕದ ಮನೆಯ ಮೆಟ್ಟಿಲು ಹತ್ತಿದ.