ಖಾಲಿ ಬಂಡಿಯ ಪದ

ಆಲಮೇಲದ ಆಚೆ ಭೀಮಾ ದಂಡೆಯ ಊರೊಂದರಲ್ಲಿ ಗೈಬುಸಾಬ ವರ್ಷವೆಲ್ಲ ಜಂಪರ್ ಹೊಲಿಯುತ್ತಾನೆ. ಮೊಹರಂ ಬಂತೆಂದರೆ ಮಷಿನ್ನಿಗೆ ಬಟ್ಟೆ ಮುಚ್ಚಿ, ಕರ್ಬಲಾ ರಣದಲ್ಲಿ ಮಡಿದವರ ಶೋಕದ ಹಾಡಾದ ರಿವಾಯತ ಪದ ಹಾಡುತ್ತಾನೆ. ಮೂವತ್ತು ವರ್ಷದ ಹಾಡಿಕೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಕಟ್ಟುವಾಗ ಅವನದೊಂದೇ ಹಟ: ಕೇಳುವವರು ಕಣ್ಣಾರೆ ಕಂಡದ್ದೇ ಪದದಲ್ಲಿರಬೇಕು. ಅಲ್ಲಿನ ಹೊಳೆಯನ್ನು ಭೀಮೆ ಮಾಡಿದ, ಖರ್ಜೂರದ ಗಿಡವನ್ನು ಜಾಲಿ ಮಾಡಿದ. ಕುದುರೆ ಮಾತ್ರ ಬಗ್ಗಲಿಲ್ಲ. ಒಡೆಯನನ್ನು ರಣದಲ್ಲಿ ಬಿಟ್ಟು ಬರಿಬೆನ್ನಿನಲ್ಲಿ ಮರಳುವ ಕುದುರೆಯ ಪದಕ್ಕೆ ಜನ ತಂಬಾಕು ತಿಕ್ಕುತ್ತ ಕೂತಿರುತ್ತಿದ್ದರು. ಮದುವೆ ಮೆರವಣಿಗೆಯ ಬಾಡಿಗೆ ಕುದುರೆಯನ್ನಷ್ಟೇ ಕಂಡವರು ಹೇಗೆ ಅತ್ತಾರು?

ಹೋದ ವರ್ಷ ಮೊಹರಂಗೆ ಮೊದಲು, ಎದುರುಮನೆಯ ಧೂಳಪ್ಪ, ಇವನ ಜೀವದ ಗೆಳೆಯ, ಹೊಲದಲ್ಲಿ ಹಾವು ಕಡಿದು ಬಿದ್ದ. ಎತ್ತುಗಳು ಖಾಲಿ ಬಂಡಿ ಎಳೆದುಕೊಂಡು ತಾವೇ ಮನೆಗೆ ಬಂದವು. ಹೆಂಡತಿ ಇಂದ್ರಾಬಾಯಿ, ಗಂಡ ಚಹಾಕ್ಕೆಂದು ಹೋಟೆಲಿನ ಹತ್ತಿರ ಇಳಿದಿದ್ದಾನೆ ಅಂದುಕೊಂಡು, ಎತ್ತಿಗೆ ನೀರು ಕುಡಿಸಿ ರೊಟ್ಟಿ ಬಡಿಯುತ್ತ ಕೂತಳು. ಆ ಒಂದು ತಾಸಿನಲ್ಲಿ ಜೀವ ಹೋಗಿತ್ತು. ಇದನ್ನು ಅವಳು ಅತ್ತು ಹೇಳಿಕೊಂಡದ್ದು ಗೈಬುಸಾಬನೊಬ್ಬನ ಮುಂದೆ.

ಅವನು ಅದನ್ನು ಪದ ಮಾಡಿದ. ಮಾಡಬಾರದಿತ್ತು. ಗೆಳೆಯನ ದುಃಖ ಎದೆಯಲ್ಲಿತ್ತು ನಿಜ. ಒಳ್ಳೆಯ ಪದ ಸಿಕ್ಕ ಖುಷಿಯೂ ಇತ್ತು, ಮುಚ್ಚಿಡುವುದೇಕೆ? ಕುದುರೆ ಹೋಗಿ ಖಾಲಿ ಬಂಡಿ ಬಂತು, ರೊಟ್ಟಿ ಬಡಿಯುವ ಹೆಂಡತಿ ಬಂದಳು. ಊರಿಗೆ ಊರೇ ಗೊಳೋ ಎಂದು ಅತ್ತಿತು. ಮರುದಿನ ನಳದ ಹತ್ತಿರ ಮಾತು ಶುರುವಾಯಿತು: “ಬಂಡಿ ಖಾಲಿ ಬಂದಾಗ ಈಕಿ ಹೊಲಕ್ಕ ಯಾಕ ಓಡಲಿಲ್ಲ?”

ಇಂದ್ರಾಬಾಯಿ ನಳಕ್ಕೆ ಹೋಗುವುದನ್ನೇ ಬಿಟ್ಟಳು. ಈ ಸಲದ ಮೊಹರಂ ಹತ್ತಿರ ಬಂದಾಗ ಗೈಬುಸಾಬನನ್ನು ಕರೆದಳು.

“ಅಣ್ಣ ಅಂತ ತಿಳಿದು ನಿನ್ನ ಮುಂದ ಹೇಳಿದ್ನಿ. ನೀ ಊರ ಮುಂದ ಹಾಡಿದಿ.”

“ತಪ್ಪಾಗೇತಿ, ತಂಗಿ. ಈ ವರ್ಷ ಕುದುರಿದೇ ಹಾಡತೇನಿ. ಬಂಡಿ ಬಾಯಾಗ ತರೂದಿಲ್ಲ.”

“ಅಷ್ಟ ಮಾಡಣ್ಣಾ. ತಲಿ ಎತ್ತಿ ಅಡ್ಡಾಡಬೇಕು ನಾ.”

ಮೊಹರಂ ದಿನ ಇಳಿಹೊತ್ತಿಗೆ, ಓಣಿಯ ಮಸೂತಿಯ ಮುಂದೆ, ಅವನು ಕೊಟ್ಟ ಮಾತಿನಂತೆ ಹಳೆಯ ಪದ ಎತ್ತಿಕೊಂಡ. ಕುದುರೆಯ ಹೆಸರು ಬಂದದ್ದೇ ತಡ, ಜನ ಗದ್ದಲ ಎಬ್ಬಿಸಿದರು: “ಬಂಡಿದು ಹಾಡ್ರಿ, ಬಂಡಿದು!” ಅವನು ಕೇಳದವನಂತೆ ಹಾಡಿದ. ಹಿಂದಿನಿಂದ ಯಾರೋ ಬಂಡಿಯ ಸಾಲು ಎತ್ತಿದರು. ಅವನದೇ ಹಿಮ್ಮೇಳವೂ ಆ ಸಾಲನ್ನೇ ಹಿಡಿಯಿತು. ಹೆಂಗಸರು, ಮಕ್ಕಳು, ಎಲ್ಲರಿಗೂ ಬಾಯಿಪಾಠ. ತನ್ನ ಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಇಂದ್ರಾಬಾಯಿ ಒಳಗೆ ಹೋಗಿ ಕದ ಹಾಕಿಕೊಂಡಳು.

ಗೈಬುಸಾಬ ಎರಡೂ ಕೈ ಎತ್ತಿ, “ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ, ಬ್ಯಾಡ್ರಿ” ಎಂದು ಕೂಗಿದ. ಅವನ ಕಣ್ಣಲ್ಲಿ ನೀರಿತ್ತು. ಅದೂ ಪದದ ಹೊಸ ಸಾಲೇ ಎಂದು ತಿಳಿದು ಜನ ಅದನ್ನೂ ಒಕ್ಕೊರಲಿನಿಂದ ಹಾಡಿದರು.