ಎಂಟನೇ ಬಿ ಸೆಕ್ಷನ್ನಿನ ತರಲೆ

ಟೀವಿಯ ಅನಿಮೆ ಕಾರ್ಟೂನಿನ ತರಲೆ ಹುಡುಗನಿಗೆ ಹದಿಮೂರು ವರ್ಷ. ಅವನ ಬಾಯಿಗೆ ಮಾತು ಕೊಟ್ಟವಳಿಗೆ ಆಗಲೇ ಮೊಮ್ಮಗಳಿದ್ದಾಳೆ. ತರಲೆ ಕೂರುವುದು ಕೊನೆಯ ಬೆಂಚಿನಲ್ಲಾದ್ದರಿಂದ ಸ್ಟುಡಿಯೋದವರಿಗೆಲ್ಲ ಇವಳು ಕೊನೆಬೆಂಚಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅಲ್ಲಿ ಯಾರಿಗೂ ಬೇಕಾಗಿಲ್ಲ, ಅವಳಿಗೂ.

ನಿಜವಾದ ಶಾಲೆಯ ಬೆಂಚನ್ನು ಅವಳು ಕಂಡದ್ದು ಏಳನೇ ಕ್ಲಾಸಿನವರೆಗೆ ಮಾತ್ರ. ತಾಯಿ ಹಾಸಿಗೆ ಹಿಡಿದಳು, ತಮ್ಮಂದಿರು ಚಿಕ್ಕವರು, ಮನೆಯೆಲ್ಲ ಇವಳ ತಲೆಗೆ ಬಿತ್ತು. ಪಾಠ ತಪ್ಪಿದ್ದಕ್ಕೆ ಅವಳೇನೂ ಮರುಗಲಿಲ್ಲ. ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿ, ನಗು ತಡೆಯಲಾಗದೆ, ಇಬ್ಬರೂ ಕ್ಲಾಸಿನ ಹೊರಗೆ ನಿಲ್ಲುವ ಸುಖ ಹೋಯಿತಲ್ಲ, ಅದಕ್ಕೆ ಹೊಟ್ಟೆ ಉರಿಯಿತು. ಮದುವೆಯಾಗಿ ಟೈಲರ್ ಗಂಡನ ಅಂಗಡಿಯ ಹಿಂದಿನ ಕೋಣೆಗೆ ಬಂದಮೇಲೆ, ಗುಂಡಿ ಹೊಲಿಯುತ್ತ ಗಿರಾಕಿಗಳನ್ನು ಅಣಕಿಸುವುದೇ ಅವಳಿಗೆ ಹೊತ್ತು ಕಳೆಯುವ ದಾರಿ. ಕೋಟು ಹೊಲಿಸಲು ಬಂದಿದ್ದ ಸ್ಟುಡಿಯೋ ಯಜಮಾನ ಪರದೆಯ ಹಿಂದಿನಿಂದ ತನ್ನದೇ ದನಿ ಕೇಳಿ ಬೆಚ್ಚಿಬಿದ್ದ. ಸಿಟ್ಟಾಗುವ ಬದಲು ಕೆಲಸ ಕೊಟ್ಟ.

ಹೀಗೆ, ಎಂಟನೇ ಕ್ಲಾಸಿನ ಮುಖವನ್ನೇ ನೋಡದವಳು ‘ಎಂಟನೇ ಬಿ ಸೆಕ್ಷನ್’ ಎಂಬ ಸರಣಿಯಲ್ಲಿ ವರ್ಷಗಟ್ಟಲೆ ಕೂತಳು. ಫೇಲಾಗಲಿಲ್ಲ, ಪಾಸೂ ಆಗಲಿಲ್ಲ.

ಆಗ ದನಿ ಕೊಡುವ ನಾಲ್ವರಿಗೂ ಒಂದೇ ಮೈಕು. ಚಪ್ಪಲಿ ಬಾಗಿಲಾಚೆ ಬಿಡಬೇಕು, ಸರಸರ ಎನ್ನುವ ಬಟ್ಟೆ ಉಡಕೂಡದು, ಹಸಿದು ಬರಕೂಡದು. ಯಾರದಾದರೂ ಹೊಟ್ಟೆ ಗುರ್ ಎಂದರೆ ಟೇಕು ಹಾಳು. ಡುಮ್ಮನ ಪಾತ್ರಕ್ಕೆ ಬಸ್ಸಿನಲ್ಲಿ ಕೂಗಿ ಕೂಗಿ ಗಂಟಲು ಪಳಗಿದ್ದ ಕಂಡಕ್ಟರಣ್ಣ. ಕ್ಲಾಸ್ ಲೀಡರ್ ಹುಡುಗಿಗೆ ಒಬ್ಬ ಟೈಪಿಸ್ಟ್. ಮೇಷ್ಟ್ರಿಗೆ ನಿವೃತ್ತ ಪೋಸ್ಟ್‌ಮನ್, ಎಲ್ಲರ ಪೋಸ್ಟಜ್ಜ. ತರಲೆಯ ಮಾತು ಬಂದಾಗ ಕಂಡಕ್ಟರಣ್ಣ ಬೇಕೆಂದೇ ಪೆನ್ಸಿಲ್ಲಿನಿಂದ ಇವಳ ಬೆನ್ನು ಚುಚ್ಚುತ್ತಿದ್ದ, ಇವಳು ಅವನ ಕಾಲು ತುಳಿಯುತ್ತಿದ್ದಳು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು ಬಾಯಿ ಹಾಕುತ್ತಿದ್ದರು. ಪೋಸ್ಟಜ್ಜ ಗದರಿದರೆ ಪಾತ್ರವನ್ನು ಗದರಿದರೋ ತಮ್ಮನ್ನೋ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಅದೆಲ್ಲ ರೆಕಾರ್ಡಾಗಿ, ಮನೆಮನೆಯ ಟೀವಿಯಲ್ಲಿ ಬರುತ್ತಿತ್ತು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಎಂಥಾ ಕಾಲವಪ್ಪಾ ಅದು.

ಸರಣಿ ನಿಂತು ಎಷ್ಟೋ ವರ್ಷಗಳ ಮೇಲೆ, ಈಗ ಅದಕ್ಕೊಂದು ಕೊನೆಯ ಕಂತು ತಯಾರಾಗುತ್ತಿದೆ. ಮಕ್ಕಳು ಅಂತೂ ಇಂತೂ ಎಂಟನೇ ಕ್ಲಾಸು ಮುಗಿಸುವ ಕಂತು. ಹಳೆಯ ತರಲೆಯ ದನಿಯನ್ನೊಮ್ಮೆ ಕೇಳಿ ನೋಡುತ್ತೇವೆ, ಒಗ್ಗದಿದ್ದರೆ ಹೊಸಬರು ಎಂದು ಸ್ಟುಡಿಯೋದಿಂದ ಕರೆ ಬಂತು. ಬೇರೆ ಯಾವ ಪಾತ್ರ ಹೋದರೂ ಅವಳು ಹೋಗಲಿ ಬಿಡು ಎನ್ನುತ್ತಿದ್ದಳು. ತರಲೆಯನ್ನು ಮಾತ್ರ ಇನ್ನೊಬ್ಬರ ಬಾಯಿಗೆ ಒಪ್ಪಿಸಲು ಅವಳಿಗೆ ಮನಸ್ಸಿರಲಿಲ್ಲ.

“ನಿಂಗೆ ವಯಸ್ಸಾಯ್ತು, ಆ ಹುಡುಗನಿಗೆ ಆಗ್ಲಿಲ್ಲ,” ಎಂದ ಗಂಡ, ಸೂಜಿಗೆ ದಾರ ಪೋಣಿಸಲು ಹೆಣಗುತ್ತ.

“ನಿಮ್ಮ ಕಣ್ಣಿಗೂ ಆಯ್ತು. ಕೊಡಿ ಇಲ್ಲಿ,” ಎಂದು ಸೂಜಿ ಕಿತ್ತುಕೊಂಡು ಪೋಣಿಸಿಕೊಟ್ಟಳು. ಆ ವಾರವೆಲ್ಲ ಬಿಸಿನೀರು ಬಿಟ್ಟು ಬೇರೇನೂ ಕುಡಿಯಲಿಲ್ಲ.

ಡೈರೆಕ್ಟರ್ ಹುಡುಗಿ ಆ ಸರಣಿ ನೋಡಿಯೇ ಬೆಳೆದವಳು. ಹಾಗೆಂದು ಮುಲಾಜು ಇಟ್ಟುಕೊಂಡವಳಲ್ಲ.

“ಅಕ್ಕಾ, ಎಲ್ಲಾ ಕಂತೂ ಮತ್ತೆ ನೋಡ್ದೆ. ಅರ್ಧ ಆದ್ಮೇಲೆ ಸುಮ್ನೆ ಎಳೆದಿದ್ದಾರೆ. ಡುಮ್ಮ ಡಬ್ಬಿ ಕದಿಯೋದು, ಮೇಷ್ಟ್ರು ಜಾರಿ ಬೀಳೋದು, ಅದೇ ರಾಗ. ಆ ಲೀಡರ್ ಹುಡುಗಿಗಂತೂ ಕಿರುಚೋದು ಬಿಟ್ರೆ ಕೆಲ್ಸಾನೇ ಇಲ್ಲ. ಪರೀಕ್ಷೆ ಬಂತು ಬಂತು ಅಂತಾರೆ, ಬರೋದೇ ಇಲ್ಲ.”

“ನಿಜ ಕಣಮ್ಮ. ನಂಗೂ ಒಂದು ಜೋಕು ಕೊಡ್ರಪ್ಪಾ ಅಂತ ಟೈಪಿಸ್ಟು ಆಗ್ಲೇ ಗೋಳಾಡ್ತಿದ್ಲು.”

“ಆದ್ರೆ ಏನೂ ನಡೀದೇ ಇರೋ ಕಂತುಗಳಿವೆಯಲ್ಲ? ಮೇಷ್ಟ್ರು ಬಂದಿರಲ್ಲ, ಕಿಟಕಿ ಹತ್ರ ಕೂತು ಹರಟೆ ಹೊಡೀತಿರ್ತಾರೆ. ಅದನ್ನ ಎಷ್ಟು ಸಲ ನೋಡಿದ್ರೂ ಸಾಕಾಗಲ್ಲ. ನಂಗೆ ಅಂಥ ಸ್ನೇಹಿತರು ಇರ್ಲಿಲ್ಲ ಅಕ್ಕಾ.”

ತನಗಿದ್ದರು ಎಂದು ಕೊನೆಬೆಂಚಕ್ಕನಿಗೆ ಹೇಳಬೇಕೆನಿಸಿತು. ಕಂಡಕ್ಟರಣ್ಣನ ಗಂಟಲಿಗೆ ಆಪರೇಷನ್ ಆಗಿ ದನಿಯೇ ಹೋಗಿದೆ. ಟೈಪಿಸ್ಟ್ ಯಾವ ಊರಲ್ಲಿದ್ದಾಳೋ ಗೊತ್ತಿಲ್ಲ. ಪೋಸ್ಟಜ್ಜ ತೀರಿಕೊಂಡು ಬಹಳ ಕಾಲವಾಯಿತು. ಹೆಡ್‌ಫೋನು ಹಾಕಿಕೊಂಡಳು.

ಈಗ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕರೆಸಿ ರೆಕಾರ್ಡ್ ಮಾಡುತ್ತಾರೆ. ಎದುರಿಗೆ ಬರೀ ಗೋಡೆ. ಮೊದಲ ಟೇಕು ಸಪ್ಪೆಯಾಯಿತು, ಎರಡನೆಯದೂ ಅಷ್ಟೇ. ಬೆನ್ನು ಚುಚ್ಚುವವರಿಲ್ಲದೆ ತರಲೆ ಬಾಯಿ ಬಿಡಲೊಲ್ಲ.

“ಮಾತು ಅವನ ತುಟಿಗೆ ಸರಿಯಾಗಿ ಕೂತಿದೆ ಅಕ್ಕಾ. ದನೀಲಿ ಹುಡುಗ ಬಂದಿಲ್ಲ,” ಎಂದಳು ಹುಡುಗಿ ಗಾಜಿನಾಚೆಯಿಂದ. “ಕೊನೇ ದೃಶ್ಯ ಒಂದು ನೋಡಿಬಿಡೋಣ.”

ಆ ದೃಶ್ಯದಲ್ಲಿ ಎಲ್ಲರೂ ಹೊರಟುಹೋಗಿದ್ದಾರೆ. ಖಾಲಿ ಕ್ಲಾಸಿನಲ್ಲಿ ತರಲೆ ಮೇಷ್ಟ್ರ ಜಾಗದಲ್ಲಿ ನಿಂತು, ತಮಾಷೆಗೆ ಹಾಜರಿ ಕೂಗುತ್ತಾನೆ. ಒಂದೊಂದು ಹೆಸರಾದ ಮೇಲೂ ಬಾಯಿ ಮುಚ್ಚಿ ಖಾಲಿ ಬೆಂಚು ನೋಡುತ್ತಾನೆ. ಪರದೆಯಲ್ಲಿ ಬಾಯಿ ಮುಚ್ಚಿದ್ದರೆ ದನಿ ಬರಕೂಡದು. ಈ ಕಸುಬಿನವರು ಮೊದಲು ಕಲಿಯುವುದೇ ಅದು.

“ಡುಮ್ಮಾ,” ಎಂದಳು.

“ತಿಂತಿದ್ದೀನಿ ಸಾರ್, ಆಮೇಲೆ ಬರ್ತೀನಿ.” ಕಂಡಕ್ಟರಣ್ಣನ ಒರಟು ಗಂಟಲು ಇವಳ ಬಾಯಿಂದಲೇ ಬಂದುಬಿಟ್ಟಿತು.

“ಲೀಡರಮ್ಮಾ.”

“ಇಲ್ಲೇ ಇದ್ದೀನಲ್ಲೋ, ಕಿವುಡಾ.” ಅದೇ ಟೈಪಿಸ್ಟಳ ಕೀರಲು.

“ಮೇಷ್ಟ್ರೇ.”

“ಬಂದೆ ಕಣೋ, ಕೂತ್ಕೋ,” ಎಂದಿತು ಪೋಸ್ಟಜ್ಜನ ಕೆಮ್ಮು ಬೆರೆತ ದನಿ.

ಪರದೆಯಲ್ಲಿ ತರಲೆ ಬಾಯಿ ಮುಚ್ಚಿಕೊಂಡೇ ನಿಂತಿದ್ದ. ಅದನ್ನು ನೋಡಿದಮೇಲೆಯೇ ಅವಳಿಗೆ ಹೊಳೆದದ್ದು. ನಿನ್ನೆ ಮೊನ್ನೆ ಬಂದವರೂ ಮಾಡದ ತಪ್ಪು.

“ತಪ್ಪಾಯ್ತಮ್ಮ,” ಎಂದು ಹೆಡ್‌ಫೋನು ಕಳಚಿದಳು. ಕಣ್ಣಲ್ಲಿ ನೀರಾಡುತ್ತಿತ್ತು. “ಹೊಸಬರನ್ನೇ ಕರ್ಸು.”

ಹುಡುಗಿ ಮೂಗೊರೆಸಿಕೊಂಡು ಮೈಕಿನ ಗುಂಡಿ ಒತ್ತಿದಳು. “ಯಾರನ್ನೂ ಕರ್ಸಲ್ಲ. ಹುಡುಗ ಬಂದ. ಪಾತ್ರ ನಿಮ್ದೇ. ಆದ್ರೆ ಈ ಟೇಕ್ ಇಟ್ಕೊಳ್ಳೋಕೆ ಆಗಲ್ಲ ಅಕ್ಕಾ. ಅಲ್ಲಿ ಯಾರೂ ಉತ್ತರ ಕೊಡಲ್ಲ. ನೀವು ಕೂಗ್ಬೇಕು, ಕಾಯ್ಬೇಕು. ಅಷ್ಟೇ.”

ಕೊನೆಬೆಂಚಕ್ಕ ಕಣ್ಣೊರೆಸಿಕೊಂಡು ಮತ್ತೆ ನಿಂತಳು.

“ಡುಮ್ಮಾ.” ಕಾದಳು.

“ಲೀಡರಮ್ಮಾ.” ಕಾದಳು.

“ಮೇಷ್ಟ್ರೇ.” ಹೆಡ್‌ಫೋನಿನಲ್ಲಿ ಅವಳದೇ ಉಸಿರು ಕೇಳುತ್ತಿತ್ತು.

ಕಡೆಗೆ ತರಲೆ ತನ್ನ ಹೆಸರನ್ನು ತಾನೇ ಕೂಗಿಕೊಂಡ. ಅಲ್ಲಿ ಮಾತ್ರ ಉತ್ತರಕ್ಕೆ ಅವನ ಬಾಯಿ ತೆರೆಯಿತು.

“ಇದ್ದೀನಿ ಸಾರ್,” ಎಂದಳು, ಹದಿಮೂರರ ದನಿಯಲ್ಲಿ.